‘ತಮಸ್’: ಬೆಂಕಿ ಹಚ್ಚಿದವನು ಯಾರು?

ಒಂದು ಊರಿನಲ್ಲಿ ಕೋಮುಗಲಭೆ ನಡೆದು ಮುಗಿದ ಮೇಲೆ ನಾವು ಕೇಳುವ ಮೊದಲ ಪ್ರಶ್ನೆ ಒಂದೇ. ಮೊದಲ ಕಲ್ಲೆಸೆದವರು ಯಾರು? ಅವರೋ, ನಮ್ಮವರೋ? ಈ ಪ್ರಶ್ನೆಗೆ ಪ್ರತಿ ಮನೆಯಲ್ಲೂ ಉತ್ತರ ಸಿದ್ಧವಾಗಿರುತ್ತದೆ. ಹಿಂದೂ ಮನೆಯ ಉತ್ತರ ಒಂದು, ಮುಸ್ಲಿಮ್ ಮನೆಯ ಉತ್ತರ ಇನ್ನೊಂದು. ಮಕ್ಕಳು ತಮ್ಮ ತಮ್ಮ ಮನೆಯ ಉತ್ತರವನ್ನು ಕೇಳುತ್ತಲೇ ಬೆಳೆಯುತ್ತಾರೆ. ಆದರೆ ಆ ಕಲ್ಲು ಬೀಳುವುದಕ್ಕೆ ಹಿಂದಿನ ರಾತ್ರಿ ಏನು ನಡೆದಿತ್ತು, ಯಾರ ಕೈಯಿಂದ ಯಾರ ಕೈಗೆ ದುಡ್ಡು ದಾಟಿತ್ತು ಎಂದು ವಿಚಾರಿಸುವವರು ಬಹಳ ಕಡಿಮೆ.

1988ರ ಜನವರಿಯಲ್ಲಿ ದೂರದರ್ಶನದಲ್ಲಿ ಒಂದು ಹಿಂದಿ ಧಾರಾವಾಹಿ ಪ್ರಸಾರವಾಗತೊಡಗಿತು. ಇದ್ದದ್ದು ಆರೇ ಕಂತು. ಹೆಸರು ‘ತಮಸ್’. ಕನ್ನಡಿಗರಿಗೆ ಈ ಪದದ ಅರ್ಥ ಹೇಳಬೇಕಾಗಿಲ್ಲ. ಭೀಷ್ಮ ಸಾಹನಿಯವರು ಅದೇ ಹೆಸರಿನಲ್ಲಿ ಬರೆದ, 1975ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿಯನ್ನು ಗೋವಿಂದ ನಿಹಲಾನಿ ತೆರೆಗೆ ತಂದಿದ್ದರು. ದೇಶ ವಿಭಜನೆಗೆ ಕೆಲವೇ ತಿಂಗಳು ಇದ್ದಾಗ ಪಂಜಾಬಿನ ಒಂದು ಪಟ್ಟಣದಲ್ಲೂ ಅದರ ಸುತ್ತಲ ಹಳ್ಳಿಗಳಲ್ಲೂ ನಡೆಯುವ ಕಥೆ ಇದು. ಮೇಲೆ ಹೇಳಿದ ಆ ಹಿಂದಿನ ರಾತ್ರಿಯಿಂದಲೇ ಕಥೆ ಶುರುವಾಗುತ್ತದೆ.

ನತ್ಥು ಎಂಬವನು ಚರ್ಮದ ಕೆಲಸ ಮಾಡುವ ಬಡವ. ಒಬ್ಬ ಗುತ್ತಿಗೆದಾರ ಅವನ ಕೈಗೆ ಐದು ರೂಪಾಯಿ ಕೊಟ್ಟು ಒಂದು ಹಂದಿಯನ್ನು ಕೊಂದು ಕೊಡಲು ಹೇಳುತ್ತಾನೆ. ಪಶುವೈದ್ಯರಿಗೆ ಯಾವುದೋ ಕೆಲಸಕ್ಕೆ ಬೇಕಂತೆ. ನತ್ಥುವಿಗೆ ಹಂದಿ ಕೊಂದು ಅಭ್ಯಾಸವಿಲ್ಲ. ಆದರೂ ದೊಡ್ಡವರ ಮಾತು ಮೀರುವ ಧೈರ್ಯವೂ ಇಲ್ಲ, ಬಂದ ಐದು ರೂಪಾಯಿಯನ್ನು ಬಿಡುವ ಸ್ಥಿತಿಯೂ ಇಲ್ಲ. ಮುರುಕು ಗುಡಿಸಲೊಂದರಲ್ಲಿ ರಾತ್ರಿಯಿಡೀ ಆ ಪ್ರಾಣಿಯೊಂದಿಗೆ ಸೆಣಸಿ ಕೊನೆಗೂ ಅದನ್ನು ಕೊಲ್ಲುತ್ತಾನೆ. ಬೆಳಗಾದಾಗ ಅದರ ಕಳೇಬರ ಮಸೀದಿಯ ಮೆಟ್ಟಿಲ ಮೇಲೆ ಬಿದ್ದಿರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಪೇಟೆಯಲ್ಲಿ ಹಸುವೊಂದನ್ನು ಕೊಂದ ಸುದ್ದಿ ಹರಡುತ್ತದೆ. ಅಂಗಡಿಗಳ ಬಾಗಿಲು ಮುಚ್ಚುತ್ತವೆ. ಆಮೇಲಿನದ್ದು ನಮಗೆ ಗೊತ್ತಿರುವ ಕಥೆಯೇ.

ಕಾದಂಬರಿಯಲ್ಲಿ ಆ ಐದು ರೂಪಾಯಿ ಕೊಟ್ಟವನ ಹೆಸರು ಮುರಾದ್ ಅಲಿ. ಧಾರಾವಾಹಿಯಲ್ಲಿ ಪಂಕಜ್ ಕಪೂರ್ ಅಭಿನಯಿಸಿದ ಠೇಕೇದಾರನ ಪಾತ್ರ ಅದು. ಮಸೀದಿಯ ಮೆಟ್ಟಿಲನ್ನು ಅಪವಿತ್ರಗೊಳಿಸಲು ದುಡ್ಡು ಕೊಟ್ಟವನಿಗೆ ಮುಸ್ಲಿಮ್ ಹೆಸರು, ದುಡ್ಡು ಪಡೆದವನು ಏನೂ ಅರಿಯದ ದಲಿತ. ಮರುದಿನ ಪ್ರಾಣ ಕಳಕೊಂಡವರಿಗೆ ಈ ಇಬ್ಬರ ಪರಿಚಯವೂ ಇಲ್ಲ. ಮಸೀದಿಯ ಮುಂದೆ ಹಂದಿ ಬಿದ್ದರೆ ಹಿಂದೂ ಹಾಕಿದ, ದೇವಸ್ಥಾನದ ಮುಂದೆ ಮಾಂಸ ಬಿದ್ದರೆ ಮುಸ್ಲಿಮ್ ಹಾಕಿದ ಎಂದು ತೀರ್ಮಾನಿಸಲು ನಮಗೆ ಒಂದು ನಿಮಿಷವೂ ಬೇಡ. ನಾವು ಆ ನಿಮಿಷವನ್ನೂ ತೆಗೆದುಕೊಳ್ಳುವುದಿಲ್ಲ ಎಂಬ ನಂಬಿಕೆಯ ಮೇಲೆಯೇ ಮುರಾದ್ ಅಲಿಯಂಥವರ ವ್ಯಾಪಾರ ನಿಂತಿದೆ.

ಈ ಕಾದಂಬರಿ ಹುಟ್ಟಿದ ಬಗೆಯನ್ನೂ ತಿಳಿದುಕೊಳ್ಳಬೇಕು. ಭೀಷ್ಮ ಸಾಹನಿ ಹುಟ್ಟಿದ್ದು 1915ರಲ್ಲಿ, ಈಗ ಪಾಕಿಸ್ತಾನದಲ್ಲಿರುವ ರಾವಲ್ಪಿಂಡಿಯಲ್ಲಿ. 1947ರ ಮಾರ್ಚ್‌ನಲ್ಲಿ ಅಲ್ಲಿ ಗಲಭೆಯಾದಾಗ ಅವರು ಕಾಂಗ್ರೆಸ್ಸಿನ ಪರಿಹಾರ ಸಮಿತಿಯಲ್ಲಿ ಕೆಲಸ ಮಾಡಿದ್ದರು. ಕಂಡದ್ದನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಕಾದಂಬರಿಯಾಗಿ ಬರೆಯಲಿಲ್ಲ. 1970ರಲ್ಲಿ ಮಹಾರಾಷ್ಟ್ರದ ಭಿವಂಡಿಯಲ್ಲಿ ಗಲಭೆಯಾಯಿತು. ಅದು ಮಗ್ಗಗಳ ಊರು, ಅಲ್ಲಿ ಹೆಚ್ಚು ನೊಂದವರು ಮುಸ್ಲಿಮರು. ಅಣ್ಣ, ಖ್ಯಾತ ನಟ ಬಲರಾಜ್ ಸಾಹನಿಯವರ ಜೊತೆ ಆ ಊರಿಗೆ ಹೋದ ಭೀಷ್ಮರಿಗೆ ಸುಟ್ಟ ಮನೆಗಳ ನಡುವೆ ನಡೆಯುವಾಗ ರಾವಲ್ಪಿಂಡಿ ನೆನಪಾಯಿತು. ಮರಳಿ ಬಂದು ಬರೆಯಲು ಕೂತರು. ಮುಸ್ಲಿಮರ ಸುಟ್ಟ ಮನೆಗಳನ್ನು ಕಂಡ ಹಿಂದೂ ಲೇಖಕರಿಗೆ, ತನ್ನ ಜನ ಕಳಕೊಂಡ ಮನೆಗಳು ನೆನಪಾದವು. ಅವರು ಆ ನೋವಿನಿಂದ ದ್ವೇಷದ ಪುಸ್ತಕ ಬರೆಯಬಹುದಿತ್ತು. ಬರೆಯಲಿಲ್ಲ.

ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡದೆ ಹೇಳಿಕೊಳ್ಳಬೇಕು. 1947ರ ಮಾರ್ಚ್ 2ರಂದು ಪಂಜಾಬಿನ ಪ್ರಧಾನಿ ಖಿಜರ್ ಹಯಾತ್ ಖಾನ್ ತಿವಾನಾ ರಾಜೀನಾಮೆ ಕೊಟ್ಟರು. ಕೆಲವೇ ದಿನಗಳಲ್ಲಿ ಲಾಹೋರ್, ಅಮೃತಸರಗಳಿಂದ ರಾವಲ್ಪಿಂಡಿಯವರೆಗೆ ಬೆಂಕಿ ಹರಡಿತು. ರಾವಲ್ಪಿಂಡಿಯ ಹಳ್ಳಿಗಳಲ್ಲಿ ದಾಳಿ ಮಾಡಿದವರಲ್ಲಿ ಹೆಚ್ಚಿನವರು ಮುಸ್ಲಿಮರು, ಸತ್ತವರಲ್ಲಿ ಹೆಚ್ಚಿನವರು ಸಿಖ್ಖರು ಮತ್ತು ಹಿಂದೂಗಳು. ಥೋಹಾ ಖಾಲ್ಸಾ ಎಂಬ ಹಳ್ಳಿಯಲ್ಲಿ ಸುಮಾರು 90 ಮಂದಿ ಸಿಖ್ ಮಹಿಳೆಯರು ಮಾನ ಉಳಿಸಿಕೊಳ್ಳಲು ಮಕ್ಕಳನ್ನು ಎತ್ತಿಕೊಂಡು ಬಾವಿಗೆ ಹಾರಿದರು. ‘ತಮಸ್’ನ ಬಾವಿಯ ದೃಶ್ಯದ ಹಿಂದಿರುವುದು ಇದೇ ಚರಿತ್ರೆ. ಆ ವರ್ಷದ ಆಗಸ್ಟ್‌ನಲ್ಲಿ ಪೂರ್ವ ಪಂಜಾಬಿನ ಮುಸ್ಲಿಮರ ಮೇಲೆ ನಡೆದದ್ದೂ ಅಷ್ಟೇ ಘೋರ. ಆದರೆ ಅದನ್ನು ಎತ್ತಿ ಇದನ್ನು ಮುಚ್ಚುವುದು ನ್ಯಾಯವಲ್ಲ. ನಮ್ಮ ಮೇಲಾದ ಅನ್ಯಾಯವನ್ನು ಲೋಕ ಕೇಳಬೇಕು ಎಂದು ಬಯಸುವವರು, ನಮ್ಮ ಹೆಸರಿನಲ್ಲಿ ಆದ ಅನ್ಯಾಯವನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ.

ಧಾರಾವಾಹಿ ಪ್ರಸಾರವಾದ ಕಾಲ ಎಂಥದ್ದು ನೋಡಿ. 1986ರ ಫೆಬ್ರವರಿಯಲ್ಲಿ ಬಾಬರಿ ಮಸೀದಿಯ ಬೀಗ ತೆರೆಯಲಾಗಿತ್ತು. 1987ರ ಮೇ 22ರಂದು ಮೀರತ್‌ನ ಹಾಶಿಂಪುರದಿಂದ ಸಶಸ್ತ್ರ ಪೊಲೀಸರು ಮುಸ್ಲಿಮ್ ಪುರುಷರನ್ನು ಲಾರಿಯಲ್ಲಿ ಕರೆದೊಯ್ದು ಗುಂಡಿಕ್ಕಿದ್ದರು. ಸತ್ತವರು 42 ಮಂದಿ. ಆ ಪ್ರಕರಣದ 16 ಮಂದಿಗೆ ದೆಹಲಿ ಹೈಕೋರ್ಟ್ ಶಿಕ್ಷೆ ವಿಧಿಸಿದ್ದು 2018ರಲ್ಲಿ, 31 ವರ್ಷಗಳ ನಂತರ. ಇಷ್ಟೆಲ್ಲ ಹೊಗೆಯಾಡುತ್ತಿದ್ದಾಗ ಭಾನುವಾರದ ಬೆಳಗ್ಗೆ ದೇಶವಿಡೀ ‘ರಾಮಾಯಣ’ ನೋಡುತ್ತಿತ್ತು. ಹೆಚ್ಚಿನ ಊರುಗಳಲ್ಲಿ ದೂರದರ್ಶನ ಬಿಟ್ಟು ಬೇರೆ ಚಾನೆಲ್ ಇರಲಿಲ್ಲ. ಟಿ.ವಿ. ಇರುವ ಮನೆಯಲ್ಲಿ ಇಡೀ ಬೀದಿ ಕೂಡುತ್ತಿತ್ತು. ಅದೇ ಪೆಟ್ಟಿಗೆಯಲ್ಲಿ ‘ತಮಸ್’ ಬಂತು. ಹಿಂದೂ, ಮುಸ್ಲಿಮ್, ಸಿಖ್ ಎಲ್ಲರೂ ಅದನ್ನು ಒಂದೇ ರಾತ್ರಿ, ಒಂದೇ ಹೊತ್ತಿಗೆ ನೋಡಿದರು. ವಿಭಜನೆಯ ಕುರಿತು ಮನೆಮನೆಯಲ್ಲಿ ಪಿಸುಮಾತಿನಲ್ಲಿ ಉಳಿದಿದ್ದ ನೆನಪು ಸರಕಾರದ ಪರದೆಯ ಮೇಲೆ ಬಂದದ್ದು ಸಣ್ಣ ಸಂಗತಿಯಲ್ಲ.

ನಿರ್ದೇಶಕ ನಿಹಲಾನಿ ಸ್ವತಃ ಕರಾಚಿಯಲ್ಲಿ ಹುಟ್ಟಿ, ವಿಭಜನೆಯಲ್ಲಿ ಊರು ಬಿಟ್ಟು ಬಂದ ಕುಟುಂಬದವರು. ನತ್ಥುವಾಗಿ ಓಂ ಪುರಿ, ಅವನ ಹೆಂಡತಿ ಕರ್ಮೋ ಆಗಿ ದೀಪಾ ಸಾಹಿ ಅಭಿನಯಿಸಿದರು. ವೃದ್ಧ ಸಿಖ್ ವ್ಯಾಪಾರಿ ಹರ್ನಾಮ್ ಸಿಂಗ್ ಆಗಿ ಕಾದಂಬರಿಕಾರ ಸಾಹನಿಯವರೇ ಅಭಿನಯಿಸಿದರು. ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಹೆಸರಿದೆ. ಇದರ ಛಾಯಾಗ್ರಹಣದಲ್ಲಿ ನಿಹಲಾನಿಯವರ ಜೊತೆಗಿದ್ದವರು ಅವರ ಗುರು, ಮೈಸೂರಿನ ವಿ.ಕೆ. ಮೂರ್ತಿ. ಗುರುದತ್ತರ ಚಿತ್ರಗಳಿಗೆ ಬೆಳಕು ನೆರಳಿನ ಸೊಬಗು ಕೊಟ್ಟ, ಮುಂದೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಇವರೇ.

ಧಾರಾವಾಹಿಗೆ ವಿರೋಧ ಬಂತು. ಹಿಂದೂ ಸಂಘಟನೆಗಳು ತಮ್ಮವರನ್ನು ಕೆಟ್ಟದಾಗಿ ತೋರಿಸಲಾಗಿದೆ ಎಂದು ಬೀದಿಗಿಳಿದವು. ನಿರ್ದೇಶಕರಿಗೆ ಬೆದರಿಕೆಗಳು ಬಂದವು. ಪ್ರಸಾರ ನಿಲ್ಲಿಸಬೇಕೆಂದು ಮುಂಬೈಯ ಹೈಕೋರ್ಟಿಗೆ ಹೋದವರು ಒಬ್ಬ ಮುಸ್ಲಿಮ್ ಉದ್ಯಮಿ. ಇದರಿಂದ ಗಲಭೆಯಾಗಬಹುದು ಎಂಬುದು ಅವರ ವಾದ. ಮೀರತ್‌ನ ಗಾಯ ಹಸಿಯಾಗಿದ್ದಾಗ ಆ ಭಯ ಹುಚ್ಚು ಭಯವೇನಲ್ಲ. ಗಲಭೆಯಾದರೆ ಸಾಯುವವರು ಯಾರು ಎಂಬುದು ನಮಗೆ ಗೊತ್ತಿದ್ದದ್ದೇ. ಏಕ ನ್ಯಾಯಾಧೀಶರ ಪೀಠ ತಡೆಯಾಜ್ಞೆಯನ್ನೂ ಕೊಟ್ಟಿತು. ಮೇಲ್ಮನವಿ ನ್ಯಾಯಮೂರ್ತಿಗಳಾದ ಲೆಂಟಿನ್ ಮತ್ತು ಸುಜಾತಾ ಮನೋಹರ್ ಅವರ ಮುಂದೆ ಬಂತು. ಅವರು ವಕೀಲರ ಮಾತು ಕೇಳಿಯಷ್ಟೇ ತೀರ್ಪು ಕೊಡಲಿಲ್ಲ. ಇಡೀ ಧಾರಾವಾಹಿಯನ್ನು ಕುಳಿತು ನೋಡಿದರು. ನೋಡಿದ ಮೇಲೆ ತಡೆಯಾಜ್ಞೆ ತೆರವು ಮಾಡಿದರು. ಇದು ಮನರಂಜನೆಯಲ್ಲ, ಚರಿತ್ರೆ, ಅಹಿತವೆಂದು ಚರಿತ್ರೆಯನ್ನು ಇಲ್ಲವಾಗಿಸಲು ಬರುವುದಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು.

ವಿಷಯ ಸುಪ್ರೀಮ್ ಕೋರ್ಟಿಗೂ ಹೋಯಿತು. 1988ರ ಫೆಬ್ರವರಿ 16ರಂದು ನ್ಯಾಯಮೂರ್ತಿಗಳಾದ ಸವ್ಯಸಾಚಿ ಮುಖರ್ಜಿ ಮತ್ತು ಎಸ್. ರಂಗನಾಥನ್ ಅರ್ಜಿಯನ್ನು ವಜಾ ಮಾಡಿದರು. ದೇಶದ ಹೆಚ್ಚಿನವರು ಅನಕ್ಷರಸ್ಥರು, ಅವರು ಇದನ್ನು ತಪ್ಪಾಗಿ ತಿಳಿದುಕೊಂಡು ಕೆರಳಬಹುದು ಎಂಬ ವಾದ ಅವರ ಮುಂದಿತ್ತು. ಅದಕ್ಕೆ ಸಿಕ್ಕ ಉತ್ತರ ನನ್ನಂಥ ಶಿಕ್ಷಕನಿಗೆ ಬಹಳ ಮುಖ್ಯ ಅನಿಸುತ್ತದೆ. ಅಕ್ಷರ ಬಾರದವನಿಗೆ ಬುದ್ಧಿಯೂ ಇಲ್ಲವೆಂದು ತಿಳಿಯಬೇಡಿ, ಎರಡೂ ಕಡೆಯ ಉಗ್ರರ ಕುತಂತ್ರವನ್ನು ಕಣ್ಣಮುಂದೆ ತೋರಿಸಿದರೆ ಅವನಿಗೂ ಅರ್ಥವಾಗುತ್ತದೆ ಎಂಬುದು ಹೈಕೋರ್ಟಿನ ನಿಲುವು. ಸುಪ್ರೀಮ್ ಕೋರ್ಟ್ ಅದನ್ನು ಒಪ್ಪಿತು. ಒಂದು ದೃಶ್ಯದ ಪರಿಣಾಮವನ್ನು ಅಳೆಯಬೇಕಾದದ್ದು ಗಟ್ಟಿ ಮನಸ್ಸಿನ, ವಿವೇಕವಿರುವ ಸಾಮಾನ್ಯ ಮನುಷ್ಯನ ಅಳತೆಯಿಂದ, ಎಲ್ಲದರಲ್ಲೂ ಅಪಾಯವನ್ನೇ ಕಾಣುವವನ ಅಳತೆಯಿಂದಲ್ಲ ಎಂಬ ಹಳೆಯ ತತ್ವವನ್ನು ಅದು ಎತ್ತಿಹಿಡಿಯಿತು. ಉಳಿದ ಕಂತುಗಳೂ ಪ್ರಸಾರವಾದವು. ‘ತಮಸ್’ ಮುಂದೆ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಇರುವ ನರ್ಗಿಸ್ ದತ್ ಪ್ರಶಸ್ತಿಯನ್ನೂ ಪಡೆಯಿತು.

ಇಂದಿಗೂ ನ್ಯಾಯಾಲಯಗಳಲ್ಲಿ ಸಿನೆಮಾ ನಿಷೇಧದ ಪ್ರಶ್ನೆ ಬಂದಾಗ ಈ ತೀರ್ಪನ್ನು ನೆನಪಿಸುತ್ತಾರೆ. ಆದರೆ ಇದನ್ನು ಓದುವಾಗ ಒಂದು ಎಚ್ಚರ ಬೇಕು. ಗಲಭೆಯನ್ನು ತೋರಿಸಿದ ಎಲ್ಲವೂ ‘ತಮಸ್’ ಆಗುವುದಿಲ್ಲ. ಒಂದು ಸಮುದಾಯದ ಕಣ್ಣೀರನ್ನು ಮಾತ್ರ ತೋರಿಸಿ, ಇನ್ನೊಂದನ್ನು ಇಡಿಯಾಗಿ ರಾಕ್ಷಸರನ್ನಾಗಿ ಮಾಡುವ ಚಿತ್ರಗಳೂ ಚರಿತ್ರೆಯ ಹೆಸರಿನಲ್ಲೇ ಬರುತ್ತವೆ. ಹಾಗಾದರೆ ವ್ಯತ್ಯಾಸ ಗುರುತಿಸುವುದು ಹೇಗೆ? ಒಂದು ಸರಳ ದಾರಿ ಇದೆ. ನೋಡಿ ಎದ್ದ ಮೇಲೆ ನಮ್ಮ ಸಿಟ್ಟು ನೆರೆಮನೆಯವನ ಮೇಲೆ ಹೋಯಿತೋ, ಬೆಂಕಿ ಹಚ್ಚಿದವನ ಮೇಲೆ ಹೋಯಿತೋ ಎಂದು ನಮ್ಮನ್ನೇ ಕೇಳಿಕೊಳ್ಳುವುದು.

‘ತಮಸ್’ ಯಾರಿಗೂ ನೆಮ್ಮದಿಯಿಂದ ಕೂರಲು ಬಿಡುವುದಿಲ್ಲ. ರಣವೀರ್ ಎಂಬ ಹಿಂದೂ ಹುಡುಗನಿಗೆ ಅವನ ಗುರು ಧೈರ್ಯದ ಪಾಠವೆಂದು ಕೋಳಿಯ ಕತ್ತು ಕೊಯ್ಯಿಸುತ್ತಾನೆ. ಆ ಹುಡುಗರ ಗುಂಪಿನ ಕೈಗೆ ಮುಂದೆ ಬಲಿಯಾಗುವವನು ಅತ್ತರು ಮಾರುವ ಒಬ್ಬ ಬಡ ಮುದುಕ. ಮುಸ್ಲಿಮ್ ಶ್ರೀಮಂತ ಶಾಹನವಾಜ್ ತನ್ನ ಹಿಂದೂ ಗೆಳೆಯನ ಕುಟುಂಬಕ್ಕೆ ರಕ್ಷಣೆ ಕೊಡುವವನು. ಗೆಳೆಯನ ಮನೆಯ ಒಡವೆ ತಂದುಕೊಡಲು ತಾನೇ ಹೋಗುತ್ತಾನೆ. ಅಲ್ಲಿನ ಕಿಟಕಿಯಿಂದ ಮಸೀದಿಯ ಅಂಗಳದಲ್ಲಿದ್ದ ಶವ ಕಣ್ಣಿಗೆ ಬೀಳುತ್ತದೆ. ಮರುಕ್ಷಣ ಆ ಮನೆಯ ಬಡ ಆಳು ಮಿಲ್ಖಿಯನ್ನು ಹಿಂದಿನಿಂದ ಒದ್ದು ಮೆಟ್ಟಿಲಿಂದ ಉರುಳಿಸುತ್ತಾನೆ. ಒಡವೆಯ ಪೆಟ್ಟಿಗೆ ಮಾತ್ರ ಗೆಳೆಯನ ಮನೆಯವರಿಗೆ ಭದ್ರವಾಗಿ ತಲುಪುತ್ತದೆ. ದೊಡ್ಡವರ ಸ್ನೇಹ ಉಳಿಯಿತು, ಬಡವನ ಜೀವ ಹೋಯಿತು.

ಕಾದಂಬರಿಯಲ್ಲಿ ಹರ್ನಾಮ್ ಸಿಂಗ್‌ನ ಮಗ ಇಕ್ಬಾಲ್ ಸಿಂಗ್‌ನನ್ನು ಗುಂಪೊಂದು ಅಟ್ಟಾಡಿಸಿ ಹಿಡಿದು, ಕೂದಲು ಕತ್ತರಿಸಿ, ಬಾಯಿಗೆ ಮಾಂಸ ತುರುಕಿ ‘ಇಕ್ಬಾಲ್ ಅಹ್ಮದ್’ ಮಾಡುತ್ತದೆ. ಮದ್ರಸದಲ್ಲಿ ಕಲಿತು ಕಲಿಸುವ ನಾನು ಈ ಪುಟಗಳನ್ನು ತಲೆ ತಗ್ಗಿಸಿಯೇ ಓದಿದ್ದೇನೆ. ಧರ್ಮದಲ್ಲಿ ಬಲವಂತ ಸಲ್ಲದು ಎಂಬುದು ನಮ್ಮ ಸಣ್ಣ ತರಗತಿಯ ಮಕ್ಕಳಿಗೂ ಗೊತ್ತಿರುವ ಪಾಠ. ಅಂದು ಆ ಹುಡುಗನಿಗೆ ಸಿಕ್ಕಿದ್ದು ಧರ್ಮವಲ್ಲ, ಅವಮಾನ.

ಇಷ್ಟು ಕತ್ತಲ ನಡುವೆ ದೀಪ ಹಿಡಿದವರೂ ಇದ್ದಾರೆ. ಊರು ಬಿಟ್ಟು ಹೋಗು ಎಂದು ಹರ್ನಾಮ್ ಸಿಂಗ್‌ನನ್ನು ಎಚ್ಚರಿಸಿದವನು ಅವನ ಮುಸ್ಲಿಮ್ ಗೆಳೆಯ ಕರೀಮ್ ಖಾನ್. ಹರ್ನಾಮ್ ಸಿಂಗ್ ಮತ್ತು ಹೆಂಡತಿ ಬಂತೋ ರಾತ್ರಿಯಿಡೀ ನಡೆದು ಬೆಳಗ್ಗೆ ಒಂದು ಅಪರಿಚಿತ ಹಳ್ಳಿಯ ಬಾಗಿಲು ತಟ್ಟುತ್ತಾರೆ. ತೆರೆದವಳು ರಾಜೋ, ಮುಸ್ಲಿಮ್ ಮನೆಯ ಗೃಹಿಣಿ. ಗಂಡನೂ ಮಗನೂ ಲೂಟಿಗೆ ಹೋಗಿದ್ದಾರೆ. ಒಳಗೆ ಬಿಟ್ಟರೆ ಮನೆಯ ಗಂಡಸರ ಕೋಪ, ಬಿಡದಿದ್ದರೆ ಮುದಿ ಜೀವಗಳೆರಡು ಬೀದಿ ಹೆಣ. ಅವಳು ಬಾಗಿಲು ಮುಚ್ಚುವುದಿಲ್ಲ. ಗಂಡ ಹೊತ್ತು ತಂದ ಲೂಟಿಯ ಪೆಟ್ಟಿಗೆ ಇದೇ ಹರ್ನಾಮ್ ಸಿಂಗ್‌ನದ್ದು. ಬೀಗ ಒಡೆಯಲು ಹೊರಟಾಗ ಆ ಮುದುಕ, ಒಡೆಯಬೇಡಿ ಎಂದು ತಾನೇ ಬೀಗದ ಕೈ ಕೊಡುತ್ತಾನೆ. ಗಂಡ ನಾಚುತ್ತಾನೆ. ಮಗ ಸಿಟ್ಟಿನಿಂದ ಕೊಲ್ಲಲು ಬಂದರೂ ಎದುರಿಗೆ ಕಂಡ ಮುದುಕನ ಮೇಲೆ ಅವನ ಕೈ ಏಳುವುದಿಲ್ಲ. ರಾತ್ರಿ ರಾಜೋ ಅವರನ್ನು ಊರಾಚೆ ಬಿಟ್ಟು, ಪೆಟ್ಟಿಗೆಯಲ್ಲಿದ್ದ ಒಡವೆಯನ್ನು ಬಂತೋಗೆ ಹಿಂದಿರುಗಿಸುತ್ತಾಳೆ.

ರಾಜೋ ಆಗಿ ಅಭಿನಯಿಸಿದ ಸುರೇಖಾ ಸಿಕ್ರಿಯವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ಸಹೋದರಿಯರು ಈ ಪಾತ್ರವನ್ನು ಗಮನಿಸಬೇಕು. ರಾಜೋ ಭಾಷಣ ಮಾಡುವುದಿಲ್ಲ. ಸೌಹಾರ್ದ ಎಂಬ ಪದವೂ ಅವಳಿಗೆ ಗೊತ್ತಿರಲಾರದು. ತನ್ನ ಮನೆಯ ಗಂಡಸರು ತಪ್ಪು ಮಾಡುತ್ತಿದ್ದಾರೆ ಎಂಬುದು ಅವಳಿಗೆ ಗೊತ್ತು. ಮನೆಯ ಬಾಗಿಲು ತನ್ನ ಕೈಯಲ್ಲಿದೆ ಎಂಬುದೂ ಗೊತ್ತು. ಆದರೆ ಅವಳು ಉಳಿಸಿದ ಬಂತೋಳ ಮಗಳು ಜಸ್ಬೀರ್ ಇನ್ನೊಂದು ಊರಿನ ಬಾವಿಗೆ ಹಾರಿದ ಹೆಂಗಸರಲ್ಲಿ ಒಬ್ಬಳು. ಒಂದು ಮನೆಯ ಒಳ್ಳೆಯತನ ಒಂದು ಮನೆಯನ್ನಷ್ಟೇ ಉಳಿಸಬಲ್ಲದು. ಊರನ್ನು ಉಳಿಸಬೇಕಾದವರು ಬೇರೆಯೇ ಇದ್ದರು.

ಅವರು ಏನು ಮಾಡಿದರು? ಜಿಲ್ಲೆಯ ಅಧಿಕಾರಿ ರಿಚರ್ಡ್ ವಿದ್ಯಾವಂತ. ತಕ್ಷಶಿಲೆಯ ಹಳೆಯ ಶಿಲ್ಪಗಳ ಬಗ್ಗೆ ಅವನಿಗೆ ಬಹಳ ಆಸಕ್ತಿ. ಕಲ್ಲಿನ ಬುದ್ಧನ ಮೇಲಿದ್ದ ಪ್ರೀತಿ ಬದುಕಿದ್ದ ಮನುಷ್ಯರ ಮೇಲಿರಲಿಲ್ಲ. ಊರಿನ ಪ್ರಮುಖರು ಬಂದು ಪೊಲೀಸರನ್ನು ಕಳಿಸಿ, ಕರ್ಫ್ಯೂ ಹಾಕಿ, ಒಂದು ವಿಮಾನ ಊರ ಮೇಲೆ ಹಾರಿದರೂ ಸಾಕು ಎಂದು ಬೇಡಿಕೊಳ್ಳುತ್ತಾರೆ. ಅವನು ತನ್ನ ಕೈಯಲ್ಲಿಲ್ಲ ಎಂದುಬಿಡುತ್ತಾನೆ. ಊರು, ಹಳ್ಳಿಗಳು ಸುಟ್ಟ ಮೇಲೆ ಒಂದು ದಿನ ವಿಮಾನ ಹಾರುತ್ತದೆ, ಗಲಭೆ ನಿಲ್ಲುತ್ತದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ವಿಮಾನ ಮೊದಲ ದಿನವೇ ಹಾರಬಹುದಿತ್ತು. ಬ್ರಿಟಿಷರು ಹೋಗಿ ಎಷ್ಟೋ ವರ್ಷಗಳಾದವು. ಆದರೂ ಗಲಭೆಯೊಂದು ಮೂರು ದಿನ ನಡೆಯಿತೆಂದರೆ, ಅದನ್ನು ಮೂರು ದಿನ ನಡೆಯಲು ಬಿಟ್ಟವರು ಯಾರು ಎಂಬ ಪ್ರಶ್ನೆ ಈಗಲೂ ಹಾಗೇ ಇದೆ.

ಆಮೇಲೆ ಪರಿಹಾರದ ಲೆಕ್ಕ ಶುರುವಾಗುತ್ತದೆ. ಗುಮಾಸ್ತನೊಬ್ಬ ನಿರಾಶ್ರಿತರ ಮುಂದೆ ಕುಳಿತು ಅಂಕಿಸಂಖ್ಯೆ ಬರೆಯುತ್ತಾನೆ. ಜನ ಕಥೆ ಹೇಳಲು ಬರುತ್ತಾರೆ, ಅವನಿಗೆ ಸಂಖ್ಯೆ ಮಾತ್ರ ಬೇಕು. ಎಷ್ಟು ಸತ್ತರು, ಎಷ್ಟು ಮನೆ, ಎಷ್ಟು ನಷ್ಟ? ಸ್ವತಃ ಪರಿಹಾರ ಸಮಿತಿಯಲ್ಲಿದ್ದ ಸಾಹನಿ ಮಾತ್ರ ಬರೆಯಬಲ್ಲ ಪುಟಗಳಿವು.

ಈಗ ಕಾಲ ಬದಲಾಗಿದೆ. ಇಡೀ ಬೀದಿ ಒಂದೇ ಟಿ.ವಿ.ಯ ಮುಂದೆ ಕೂರುವ ದಿನಗಳು ಹೋದವು. ಈಗ ಮನೆಯ ಐದು ಜನರ ಕೈಯಲ್ಲಿ ಐದು ಪರದೆ. ಅಪ್ಪನ ಮೊಬೈಲಿಗೆ ಬರುವ ವೀಡಿಯೋ ಬೇರೆ, ಮಗನದ್ದು ಬೇರೆ, ಪಕ್ಕದ ಮನೆಯವರದ್ದು ಇನ್ನೂ ಬೇರೆ. ಎಲ್ಲೋ, ಎಂದೋ ನಡೆದ ಹೊಡೆದಾಟವನ್ನು ಇಂದು ಬೆಳಗ್ಗೆ ನಮ್ಮೂರಲ್ಲೇ ನಡೆದದ್ದೆಂದು ಕಳಿಸುತ್ತಾರೆ. ಮಸೀದಿಯ ಮೆಟ್ಟಿಲವರೆಗೆ ಹಂದಿ ಹೊತ್ತು ತರುವ ಕಷ್ಟ ಈಗಿಲ್ಲ, ನತ್ಥುವಿಗೆ ಕೊಡಬೇಕಾದ ಐದು ರೂಪಾಯಿಯೂ ಉಳಿಯಿತು. ಆ ಕೆಲಸವನ್ನು ನಾವೇ ಬಿಟ್ಟಿಯಾಗಿ ಮಾಡಿಕೊಡುತ್ತೇವೆ. ‘ಪಡೆದಂತೆ ಕಳಿಸಿದ್ದೇನೆ’ ಎಂದು ಕೆಳಗೆ ಒಂದು ಸಾಲು ಬರೆದರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದುಕೊಳ್ಳುತ್ತೇವೆ. ಸುದ್ದಿ ಬಂದಾಗ ಮೊದಲು ವಿಚಾರಿಸಿ ನೋಡಿ, ಇಲ್ಲವಾದರೆ ಅರಿಯದೆ ಒಂದು ಜನರಿಗೆ ಕೇಡು ಮಾಡಿ ಪಶ್ಚಾತ್ತಾಪ ಪಡಬೇಕಾದೀತು ಎಂದು ಕುರ್‌ಆನಿನ ಅಲ್‌ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ನತ್ಥು ಪಟ್ಟದ್ದು ಇದೇ ಪಶ್ಚಾತ್ತಾಪ. ತನ್ನ ಕೈಯಿಂದ ಏನಾಯಿತು ಎಂದು ತಿಳಿದ ಮೇಲೆ ಅವನಿಗೆ ನಿದ್ದೆಯೇ ಹತ್ತುವುದಿಲ್ಲ. ಇಡೀ ಕಥೆಯಲ್ಲಿ ತಪ್ಪಿತಸ್ಥ ಭಾವದಿಂದ ನರಳುವವನು ಏನೂ ಅರಿಯದೆ ಮಾಡಿದ ಆ ಬಡವನೊಬ್ಬನೇ.

ಓದುಗರಲ್ಲಿ ನನ್ನದೊಂದು ವಿನಂತಿ. ಸಾಧ್ಯವಾದರೆ ‘ತಮಸ್’ ಅನ್ನು ಮನೆಮಂದಿ ಒಟ್ಟಿಗೆ ನೋಡಿ. ಸಣ್ಣ ಮಕ್ಕಳಿಗೆ ಬೇಡ, ಕ್ರೌರ್ಯದ ದೃಶ್ಯಗಳಿವೆ. ಪ್ರೌಢಶಾಲೆ ದಾಟಿದ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ, ನೋಡಿದ ಮೇಲೆ ಮಾತಾಡಿ. ಯಾರು ಹೆಚ್ಚು ಕೊಂದರು ಎಂದು ಮಕ್ಕಳು ಕೇಳಿದರೆ ಲೆಕ್ಕ ಒಪ್ಪಿಸಿ ಸುಮ್ಮನಾಗಬೇಡಿ. ಇದರಿಂದ ಯಾರಿಗೆ ಲಾಭವಾಯಿತು ಎಂದು ಅವರನ್ನೇ ತಿರುಗಿ ಕೇಳಿ.

ಉತ್ತರ ಕಾದಂಬರಿಯ ಕೊನೆಯಲ್ಲಿದೆ. ಗಲಭೆ ನಿಂತ ಮೇಲೆ ಊರಿನ ಪ್ರಮುಖರೆಲ್ಲ ಸೇರಿ ಶಾಂತಿ ಸಮಿತಿ ಮಾಡುತ್ತಾರೆ. ಶಾಂತಿಯ ಬಸ್ಸು ಬೀದಿಬೀದಿ ಸುತ್ತಲು ಹೊರಡುತ್ತದೆ. ಹಿಂದೂ ಮುಸ್ಲಿಮ್ ಐಕ್ಯದ ಘೋಷಣೆ ಧ್ವನಿವರ್ಧಕದಲ್ಲಿ ಮೊಳಗುತ್ತದೆ. ನತ್ಥು ಅಷ್ಟರಲ್ಲಿ ಸತ್ತಿದ್ದಾನೆ, ಅವನಿದ್ದಿದ್ದರೆ ಆ ದನಿಯನ್ನು ಗುರುತಿಸುತ್ತಿದ್ದ. ಬಸ್ಸಿನ ಮುಂದಿನ ಸೀಟಿನಲ್ಲಿ ಮೈಕು ಹಿಡಿದು ಕುಳಿತವನು ಮುರಾದ್ ಅಲಿ.